ಐನೂರ ಎಂಬತ್ತೇಳನೆಯ ಬಾಗಿಲು

ಸೊಸೆ: ನೂರು ಸಲ ಹೇಳ್ದೆ ಮಾವ. ಇದು ಸಾಮಾನಲ್ಲ. ಇ-ಮೇಲ್.

ಗೇಟಣ್ಣ: ಕಾಂಪೌಂಡಿಂದ ಹೊರಗೆ ಹೋಗುತ್ತೋ, ಇಲ್ವೋ?

ಸೊಸೆ: ಹೋಗುತ್ತೆ. ಹೋಗ್ಲಿ ಅಂತಾನೇ ಒದ್ದಾಡ್ತಿರೋದು.

ಗೇಟಣ್ಣ: ಹಾಗಾದ್ರೆ ಸಾಮಾನೇ. ಪಾಸ್ ಬೇಕು. ಮತ್ತೆ, ಗೇಟಲ್ಲಿ ಮಾವ ಅನ್ಬೇಡಿ ಮೇಡಂ. ಇಲ್ಲಿ ಸಂಬಂಧ ಇಲ್ಲ.

ಸೊಸೆ: ಬೆಳಿಗ್ಗೆ ನಿಮ್ಮ ಕನ್ನಡಕ ಹುಡುಕಿಕೊಟ್ಟಾಗ ಇತ್ತಲ್ಲ ಸಂಬಂಧ?

ಗೇಟಣ್ಣ: ಅದು ಮನೇಲಿ. ಅಲ್ಲಿ ಗೇಟಿಲ್ಲ.

ಈ ಮಾತು ನಡೆಯುವಾಗ ಗೇಟಿನ ಕೋಣೆಯ ಗಡಿಯಾರದಲ್ಲಿ ಮೂರು ಗಂಟೆ. ಅಂದರೆ ಲೋಕಕ್ಕೆಲ್ಲ ಮೂರಕ್ಕೆ ಐದು ನಿಮಿಷ ಕಡಿಮೆ. ತಡವಾಗಿ ಬರುವವರನ್ನು ಹಿಡಿಯಲೆಂದು ಗೇಟಣ್ಣ ಆ ಗಡಿಯಾರವನ್ನು ಮೂವತ್ತೊಂದು ವರ್ಷದಿಂದ ಐದು ನಿಮಿಷ ಮುಂದಿಟ್ಟಿದ್ದಾರೆ. ನಾನು ಈ ಚಿಲಕದ ಕಾರ್ಖಾನೆಯ ಸ್ಟೋರಿನವನು. ಮೂರು ಖಾಲಿ ಎಣ್ಣೆ ಡ್ರಮ್ ಹೊರಗೆ ಕಳಿಸಬೇಕಿತ್ತು, ಸೀಲಿಗೆಂದು ಎರಡು ಗಂಟೆಗೇ ಬಂದಿದ್ದೆ. ಸರತಿಯಲ್ಲಿ ನನ್ನ ಮುಂದೆ ಇದ್ದದ್ದು ಒಬ್ಬರೇ. ಆ ಒಬ್ಬರು ನಮ್ಮ ಆಫೀಸಿನ ಮೇಡಂ, ಅಂದರೆ ಗೇಟಣ್ಣನ ಸ್ವಂತ ಸೊಸೆ. ಮಾವ ಸೊಸೆ ಜಗಳದ ಹಿಂದೆ ಸರತಿ ನಿಂತವನ ಪಾಡು ನಾಯಿಗೂ ಬೇಡ.

ಗೇಟಿನ ಮನುಷ್ಯನಿಗೂ ಮೇಲ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಯಜಮಾನರದ್ದು ಒಂದೇ ಕಾನೂನು: ಕಾರ್ಖಾನೆಯ ಯಾವ ಬೀಗದ ಕೈಯಾದರೂ ಗೇಟಿನಲ್ಲೇ ಇರಬೇಕು. ಹೋದ ತಿಂಗಳು ಫೈರ್‌ವಾಲ್ ಎಂಬ ಪೆಟ್ಟಿಗೆಯನ್ನು ತಂದು ಕೂರಿಸಿದವರು, ‘ಸರ್, ಇದು ನಿಮ್ಮ ಕಂಪ್ಯೂಟರ್‌ಗಳಿಗೆಲ್ಲ ಗೇಟ್ ಇದ್ದಂಗೆ, ಪಾಸ್‌ವರ್ಡೇ ಇದರ ಬೀಗದ ಕೈ’ ಎಂದು ಬಿಡಿಸಿ ಹೇಳಿದರು. ಅಷ್ಟೇ ಸಾಕಾಯಿತು. ಯಜಮಾನರು ಪಾಸ್‌ವರ್ಡಿನ ಚೀಟಿಯನ್ನು ಗೇಟಣ್ಣನ ಕೈಗಿಟ್ಟು ಊಟಕ್ಕೆ ಹೋದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಗೇಟಣ್ಣ ನಗಲಿಲ್ಲ. ಪೆಟ್ಟಿಗೆಯವರನ್ನು ಎರಡು ದಿನ ಪಕ್ಕದಲ್ಲಿ ಕೂರಿಸಿಕೊಂಡು ಇನ್ನೂರು ಪುಟದ ನೋಟ್‌ಬುಕ್ ತುಂಬ ಬರೆದುಕೊಂಡರು. ಈಗ ಕೋಣೆಯಲ್ಲಿ ಬೀಗದ ಕೈಗಳ ಹಲಗೆಗೂ ಟಾರ್ಚಿಗೂ ನಡುವೆ ಒಂದು ಕಂಪ್ಯೂಟರ್ ಇದೆ. ಅದರ ಪರದೆಯನ್ನು ಅವರು ದಿನಕ್ಕೆರಡು ಸಲ ಒರೆಸುತ್ತಾರೆ.

ಸೊಸೆಗೆ ಇವತ್ತು ನಗುವ ಸ್ಥಿತಿ ಇರಲಿಲ್ಲ. ಹೊಸದಾಗಿ ಕಟ್ಟುತ್ತಿರುವ ಆಸ್ಪತ್ರೆಯೊಂದರ ಸಾವಿರದ ಎಂಟುನೂರು ಬಾಗಿಲುಗಳಿಗೆ ಚಿಲಕ ಬೇಕಾಗಿತ್ತು. ಕೊಟೇಷನ್ ಇವತ್ತು ಸಂಜೆ ನಾಲ್ಕರೊಳಗೆ, ಕಂಪನಿಯ ಮೇಲ್ ವಿಳಾಸದಿಂದಲೇ, ಅವರಿಗೆ ತಲುಪಬೇಕು. ಈ ಆರ್ಡರ್ ಕೈತಪ್ಪಿದರೆ ತಿಂಗಳ ಕೊನೆಗೆ ಮಷಿನ್ ನಿಲ್ಲಿಸುವುದೇ ಎಂದು ಯಜಮಾನರು ನಿನ್ನೆ ಎಲ್ಲರನ್ನೂ ಸೇರಿಸಿ ಹೇಳಿದ್ದರು. ಮೂವತ್ತೆರಡು ಜನರ ಅನ್ನದ ಪ್ರಶ್ನೆ. ಅದರಲ್ಲಿ ನನ್ನದೂ ಒಂದು ತಟ್ಟೆ ಇದ್ದದ್ದರಿಂದ ನಾನು ಡ್ರಮ್ಮಿನ ಮಾತೆತ್ತದೆ ಸುಮ್ಮನಿದ್ದೆ.

ಸೊಸೆ: ನಿನ್ನೆ ಸಂಜೆವರೆಗೂ ಸರಿಯಾಗಿತ್ತು. ಇವತ್ತು ಬರೋ ಮೇಲ್ ಬರ್ತಿದೆ, ಹೋಗೋದು ಹೋಗ್ತಿಲ್ಲ. ಏನು ಮಾಡಿದ್ರಿ?

ಗೇಟಣ್ಣ: ಬೆಳಿಗ್ಗೆ ಎಂಟಕ್ಕೆ, ಮೇಲ್ ಹೊರಗೆ ಹೋಗೋ ಬಾಗಿಲಿಗೆಲ್ಲ ಚಿಲಕ ಹಾಕಿದೆ.

ಸೊಸೆ: ಯಾಕೆ?

ಗೇಟಣ್ಣ: ಕಾರಣ ಪುಸ್ತಕದಲ್ಲಿದೆ.

ಸೊಸೆ: ಪುಸ್ತಕ ಕೊಡಿ.

ಗೇಟಣ್ಣ: ವಿಚಾರಣೆ ನಡೀತಿದೆ. ಮುಗಿಯೋವರೆಗೂ ಯಾರಿಗೂ ತೋರಿಸಂಗಿಲ್ಲ.

ಸೊಸೆ: ಯಾರು ಮಾಡ್ತಿರೋದು ವಿಚಾರಣೆ?

ಗೇಟಣ್ಣ: ನಾನೇ.

ಸೊಸೆ: ನನಗೆ ಗೊತ್ತು ಕಾರಣ. ಸಕ್ಕರೆ.

ಗೇಟಣ್ಣ: ಸಕ್ಕರೆ ಎಲ್ಲಿಂದ ಬಂತು?

ಸೊಸೆ: ಬಂದಿಲ್ಲ. ಹೋಗಿದೆ. ಇಲ್ಲಿ ಶೆಲ್ಫಲ್ಲಿ ಟಾರ್ಚಿನ ಹಿಂದೆ ಬಚ್ಚಿಟ್ಟಿದ್ದ ಡಬ್ಬ ಬೆಳಿಗ್ಗೆ ನಾನು ತಗೊಂಡು ಹೋದೆ. ಡಾಕ್ಟರ್ ಮೂರು ಸಲ ಹೇಳಿದಾರೆ, ರಕ್ತದಲ್ಲೇ ಬೇಕಾದಷ್ಟಿದೆ, ಇನ್ನು ಬಾಯಿಗೆ ಬೇಡ ಅಂತ. ನಾನು ಡಬ್ಬ ತೆಗೆದದ್ದು ಎಂಟಕ್ಕೆ. ನೀವು ಬಾಗಿಲು ಹಾಕಿದ್ದೂ ಎಂಟಕ್ಕೆ.

ಗೇಟಣ್ಣ: ಡಬ್ಬಕ್ಕೂ ಇದಕ್ಕೂ ಸಂಬಂಧ ಇಲ್ಲ.

ಸೊಸೆ: ಸಂಬಂಧ ಇಲ್ಲ, ಸಂಬಂಧ ಇಲ್ಲ. ಇವತ್ತು ನಿಮಗೆ ಯಾವುದಕ್ಕೂ ಸಂಬಂಧ ಇಲ್ಲ. ಸ್ಟೋರಣ್ಣ, ನೀವೇ ಹೇಳಿ. ಇದು ಸೇಡಲ್ವಾ?

ನಾನು: ನಾನು ಡ್ರಮ್ಮಿಗೆ ಬಂದವನು ಮೇಡಂ.

ಗೇಟಣ್ಣ ಡಬ್ಬದ ಮಾತಿಗೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಟಾರ್ಚನ್ನು ಎತ್ತಿ, ಅದರ ಹಿಂದಿನ ಖಾಲಿ ಜಾಗವನ್ನು ಒಮ್ಮೆ ನೋಡಿ, ಮತ್ತೆ ಅಲ್ಲೇ ಇಟ್ಟರು.

ಸೊಸೆ: ಆಯ್ತು. ಕೊಟೇಷನ್ನು ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೊರಗೆ ಹೋಗ್ತೀನಿ. ಎದುರಿನ ಅಂಗಡಿ ಕಂಪ್ಯೂಟರಿಂದ ಕಳಿಸ್ತೀನಿ.

ಗೇಟಣ್ಣ: ಪೆನ್‌ಡ್ರೈವ್ ಹೊರಗೆ ಹೋಗೋಕೆ ಪಾಸ್ ಬೇಕು.

ಸೊಸೆ: ಫೋನಿಂದ ಕಳಿಸ್ತೀನಿ.

ಗೇಟಣ್ಣ: ಫೋನಲ್ಲಿ ಕಂಪನಿ ಮೇಲ್ ಇಟ್ಕೊಳ್ಳಂಗಿಲ್ಲ ಅಂತ ಯಜಮಾನರೇ ನೋಟೀಸ್ ಹಾಕಿದಾರೆ. ಟೈಪ್ ಮಾಡಿದ್ದು ನೀವೇ.

ಸೊಸೆ: ಬಾಯಲ್ಲಿ ಹೇಳಿ ಬರಲಾ? ನನ್ನ ಬಾಯಿಗೂ ಪಾಸ್ ಬೇಕಾ?

ಗೇಟಣ್ಣ: ಸದ್ಯಕ್ಕೆ ಬೇಡ. ನೋಟ್‌ಬುಕ್ಕಲ್ಲಿ ಇಲ್ಲ.

ಸೊಸೆ: ಈ ಆರ್ಡರ್ ಹೋದ್ರೆ ಕಾರ್ಖಾನೆ ಮುಚ್ಚುತ್ತೆ ಮಾವ. ಆಮೇಲೆ ಈ ಗೇಟ್ ಇಟ್ಕೊಂಡು ಏನ್ಮಾಡ್ತೀರಿ? ಒಳಗೆ ಏನಿರುತ್ತೆ ಕಾಯೋಕೆ?

ಗೇಟಣ್ಣನ ಮುಖ ಸ್ವಲ್ಪ ಇಳಿಯಿತು. ಆ ಮಾತು ನಾಟಿತೆಂದು ನನಗೆ ಅನ್ನಿಸಿತು. ಅವರು ಡ್ರಾಯರಿನಿಂದ ಪಾಸ್ ಪುಸ್ತಕ ತೆಗೆದು, ಕಾರ್ಬನ್ ಹಾಳೆಯನ್ನು ನೇರ ಮಾಡಿ, ಪೆನ್ನಿನ ತುದಿಯನ್ನು ಅಂಗೈ ಮೇಲೆ ಗೀಚಿ ನೋಡಿದರು.

ಗೇಟಣ್ಣ: ಅದಕ್ಕೇ ಹೇಳ್ತಿರೋದು ಮೇಡಂ, ಪಾಸ್ ಬರೆಯೋಣ ಅಂತ. ಮೊದಲು ಯಜಮಾನರ ಒಪ್ಪಿಗೆ.

ಯಜಮಾನರು ಆ ಹೊತ್ತಿಗೆ ಹಲ್ಲಿನ ಡಾಕ್ಟರ ಕುರ್ಚಿಯ ಮೇಲಿದ್ದರು. ದವಡೆ ಹಲ್ಲು ಕಿತ್ತಾಗಿತ್ತು. ಬಾಯಿ ತುಂಬ ಹತ್ತಿ ಇತ್ತು. ಸೊಸೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

ಸೊಸೆ: ಸರ್, ಕೊಟೇಷನ್ ಕಳಿಸೋಕೆ ಗೇಟಲ್ಲಿ ಒಪ್ಪಿಗೆ ಕೇಳ್ತಿದಾರೆ. ಕಳಿಸಬಹುದಲ್ವಾ?

ಯಜಮಾನ: ಊಂ.

ಸೊಸೆ: ಕೇಳಿದ್ರಲ್ಲ? ಹೂಂ ಅಂದ್ರು.

ಗೇಟಣ್ಣ: ನೋವಿಗೂ ಊಂ ಅಂತಾರೆ. ಯಜಮಾನ್ರೇ, ನಾನು ಗೇಟು. ಒಪ್ಪಿಗೆ ಇದ್ರೆ ಒಂದು ಸಲ ಊಂ ಅನ್ನಿ, ಇಲ್ದಿದ್ರೆ ಎರಡು ಸಲ.

ಯಜಮಾನ: ಊಂ... ಊಂ ಊಂ!

ಗೇಟಣ್ಣ: ಮೂರಾಯ್ತು. ಮೂರಕ್ಕೆ ನಿಯಮ ಇಲ್ಲ.

ಸೊಸೆ: ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಇದೇ.

ಕೊನೆಗೆ ಯಜಮಾನರು ಫೋನ್ ಕತ್ತರಿಸಿ ಮೆಸೇಜು ಕಳಿಸಿದರು. ‘ಏನು ಬೇಕೋ ಬಿಡು ಮಾರಾಯ’ ಎಂದಿತ್ತು. ಗೇಟಣ್ಣ ಅದನ್ನು ಅಕ್ಷರ ಬಿಡದೆ, ‘ಮಾರಾಯ’ ಸಮೇತ, ಪಾಸಿನ ಒಪ್ಪಿಗೆಯ ಕಾಲಮ್ಮಿನಲ್ಲಿ ಬರೆದುಕೊಂಡರು. ಗೇಟಿನ ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಸೊಸೆ: ಈಗ ತೆಗೀರಿ.

ಗೇಟಣ್ಣ: ಪೆಟ್ಟಿಗೆಯವರನ್ನ ಒಂದು ಮಾತು ಕೇಳ್ತೀನಿ.

ಪೆಟ್ಟಿಗೆಯವರು ಫೋನಿಗೆ ಬೇಗ ಸಿಕ್ಕರು. ಎಲ್ಲಿಯೋ ಏಣಿಯ ಮೇಲೆ ನಿಂತಿದ್ದರಂತೆ.

ಪೆಟ್ಟಿಗೆಯವರು: ಮೇಲ್ ಹೋಗ್ತಿಲ್ವಾ? ಅಷ್ಟೇ ತಾನೇ? ಒಳಗಿಂದ ಹೊರಗೆ ಎಲ್ಲಾನೂ ಬಿಡು ಅಂತ ಒಂದು ಸಾಲು ಹಾಕ್ಬಿಡಿ ಗೇಟಣ್ಣ. ಎಲ್ರೂ ಹಾಗೇ ಮಾಡೋದು.

ಗೇಟಣ್ಣ: ಎಲ್ಲಾನೂ ಅಂದ್ರೆ?

ಪೆಟ್ಟಿಗೆಯವರು: ಯಾರು ಬೇಕಾದ್ರೂ, ಎಲ್ಲಿಗೆ ಬೇಕಾದ್ರೂ, ಯಾವ ಬಾಗಿಲಿಂದ ಬೇಕಾದ್ರೂ.

ಗೇಟಣ್ಣ: ಅದಕ್ಕೆ ಪೆಟ್ಟಿಗೆ ಯಾಕೆ ತಂದ್ರಿ? ಗೋಡೆ ಒಡೆದಿದ್ರೆ ಸಾಕಿತ್ತಲ್ಲ.

ಪೆಟ್ಟಿಗೆಯವರು: ...ಏಣಿ ಮೇಲಿದೀನಿ ಗೇಟಣ್ಣ. ಹತ್ತು ನಿಮಿಷ ಬಿಟ್ಟು ಮಾಡ್ತೀನಿ.

ಫೋನ್ ಇಟ್ಟು ಗೇಟಣ್ಣ ಪಾಸ್ ಪುಸ್ತಕಕ್ಕೆ ಮರಳಿದರು. ಕಾಲಮ್ಮು ಬಿಟ್ಟು ಕಾಲಮ್ಮಿಗೆ ಹಾರುವ ಮನುಷ್ಯ ಅಲ್ಲ ಅವರು.

ಗೇಟಣ್ಣ: ಸಾಮಾನಿನ ವಿವರ?

ಸೊಸೆ: ಕೊಟೇಷನ್ನು. ಒಂದು ಪುಟ. ಇಗೋ, ಪ್ರಿಂಟೂ ತಂದಿದೀನಿ, ನೋಡ್ಕೊಳ್ಳಿ. ಸೀಲು, ಸಹಿ ಎಲ್ಲಾ ಇದೆ.

ಗೇಟಣ್ಣ: ತೂಕ?

ಸೊಸೆ: ಮೇಲ್‌ಗೆ ತೂಕ ಎಲ್ಲಿರುತ್ತೆ?

ಗೇಟಣ್ಣ: ಇರುತ್ತೆ. ನೋಟ್‌ಬುಕ್ಕಲ್ಲಿ ಕೆಬಿ ಅಂತ ಇದೆ.

ಸೊಸೆ: ನಾನೂರು ಕೆಬಿ.

ಗೇಟಣ್ಣ: ವಾಪಸ್ ಬರೋ ಸಾಮಾನಾ, ಬರದೇ ಇರೋದಾ?

ಸೊಸೆ: ಕೊಟೇಷನ್ ಯಾಕೆ ವಾಪಸ್ ಬರುತ್ತೆ?

ಗೇಟಣ್ಣ: ತಲುಪಿತು ಅಂತ ಉತ್ತರ ಬರಲ್ವಾ?

ಸೊಸೆ: ಬರುತ್ತೆ. ಅವರ ಕಡೆಯಿಂದ ತಾನಾಗೇ ಬರುತ್ತೆ.

ಗೇಟಣ್ಣ: ಹಾಗಾದ್ರೆ ವಾಪಸ್ ಬರೋ ಸಾಮಾನು. ಬರೋವರೆಗೆ ಪಾಸ್ ಬಾಕಿ. ಬಾಕಿ ಇರೋವರೆಗೆ ತಗೊಂಡು ಹೋದವರು ಮನೆಗೆ ಹೋಗಂಗಿಲ್ಲ.

ನಾನು: ನನ್ನ ಡ್ರಮ್ಮು ವಾಪಸ್ ಬರಲ್ಲ ಗೇಟಣ್ಣ. ಸುಲಭ ಇದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಡ್ರಮ್ಮಿನ ಪಾಸನ್ನು ಮಡಿಚಿ ಜೇಬಿಗಿಟ್ಟೆ.

ಗೇಟಣ್ಣ: ಎಲ್ಲಿಂದ ಹೊರಡುತ್ತೆ?

ಸೊಸೆ: ನನ್ನ ಕಂಪ್ಯೂಟರಿಂದ.

ಗೇಟಣ್ಣ: ನಂಬರು?

ಸೊಸೆ: ಅದಕ್ಕೂ ನಂಬರಾ? ಏನೋ ಒಂದು ಚೀಟಿ ಅಂಟಿಸಿದ್ರು ಪೆಟ್ಟಿಗೆಯವರು. ಹದಿನೇಳು.

ಗೇಟಣ್ಣ ಬರೆಯುವುದನ್ನು ನಿಲ್ಲಿಸಿದರು. ಪೆನ್ನಿಗೆ ಕ್ಯಾಪ್ ಹಾಕಿದರು. ಎದ್ದು ಕಿಟಕಿ ಮುಚ್ಚಿದರು. ನನಗೆ ಹೊರಗೆ ಹೋಗುವಂತೆ ಕಣ್ಣಿನಲ್ಲೇ ಹೇಳಿದರು, ನಾನು ಹೋಗಲಿಲ್ಲ. ಎರಡು ಗಂಟೆಯಿಂದ ನಿಂತವನು ಈ ಹೊತ್ತಿನಲ್ಲಿ ಹೋಗುವುದುಂಟೆ.

ಗೇಟಣ್ಣ: ಮೇಡಂ. ನೀವು ಇಪ್ಪತ್ತೈದನೇ ಬಾಗಿಲು ಯಾಕೆ ತಟ್ತಿದೀರಿ?

ಸೊಸೆ: ಯಾವ ಬಾಗಿಲು?

ಗೇಟಣ್ಣ: ಪೆಟ್ಟಿಗೇಲಿ ಮೇಲ್ ಹೊರಗೆ ಹೋಗೋಕೆ ಮೂರು ಬಾಗಿಲಿದೆ, ಪೋರ್ಟ್ ಅಂತಾರೆ. ನಾನೂರ ಅರವತ್ತೈದು, ಐನೂರ ಎಂಬತ್ತೇಳು. ಈ ಎರಡರಲ್ಲೂ ಹೆಸರು ಹೇಳಿ, ಪಾಸ್‌ವರ್ಡ್ ತೋರಿಸಿ ಹೋಗ್ಬೇಕು. ಇನ್ನೊಂದು ಇಪ್ಪತ್ತೈದು. ಅಲ್ಲಿ ಯಾರೂ ಏನೂ ಕೇಳಲ್ಲ. ಯಾರೂ ಏನೂ ಕೇಳದ ಬಾಗಿಲು ನನ್ನ ಗೇಟಲ್ಲಿ ಇರಂಗಿಲ್ಲ ಅಂತ ಮೊದಲ ದಿನವೇ ಮುಚ್ಚಿದೆ. ಆ ಮುಚ್ಚಿದ ಬಾಗಿಲನ್ನ ಒಬ್ರು ಒಳಗಿಂದ ತಟ್ತಾನೇ ಇದಾರೆ. ನಿಮಿಷಕ್ಕೆ ನಲವತ್ತು ಸಲ. ಊಟದ ಹೊತ್ತಲ್ಲೂ ಬಿಡಲ್ಲ. ಯಾರು ಅಂತ ಹೆಸರು ಕಾಣಲ್ಲ, ನಂಬರ್ ಕಾಣುತ್ತೆ. ಹದಿನೇಳು.

ಸೊಸೆ: ನಾನು ದಿನಕ್ಕೆ ಆರೇಳು ಮೇಲ್ ಕಳಿಸೋಳು!

ಗೇಟಣ್ಣ: ನಿನ್ನೆ ಒಂದೇ ದಿನ ಐವತ್ತೇಳು ಸಾವಿರದ ಆರುನೂರು ಸಲ ತಟ್ಟಿದೀರಿ. ಅದಕ್ಕೇ ಇವತ್ತು ಬೆಳಿಗ್ಗೆ ಉಳಿದೆರಡು ಬಾಗಿಲಿಗೂ ಚಿಲಕ ಹಾಕಿದ್ದು.

ಸೊಸೆ: ನನಗೆ ಗಂಡ ಇದಾನೆ, ಮಾವ ಇದಾರೆ, ಮನೇಲಿ ಕೆಲಸ ಇದೆ. ಐವತ್ತೇಳು ಸಾವಿರ ಸಲ ಬಾಗಿಲು ತಟ್ಟೋಕೆ ನನಗೆಲ್ಲಿ ಪುರುಸೊತ್ತು?

ಗೇಟಣ್ಣ: ಅದನ್ನೇ ನಾನೂ ಪುಸ್ತಕದಲ್ಲಿ ಬರೆದಿದೀನಿ. ‘ಆರೋಪಿಗೆ ಬೇರೆ ಕೆಲಸ ಇಲ್ಲ’ ಅಂತ.

ಸೊಸೆಯ ಕಣ್ಣಲ್ಲಿ ನೀರು ಬಂತು. ನಗು ತಡೆದದ್ದಕ್ಕೆ ಬಂದದ್ದಲ್ಲ, ನಿಜವಾದ ನೀರು. ಮೂರೂವರೆ ಆಗುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಪೆಟ್ಟಿಗೆಯವರು ಏಣಿ ಇಳಿದು ಫೋನ್ ಮಾಡಿದರು. ಗೇಟಣ್ಣ ತಮ್ಮ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದರು.

ಪೆಟ್ಟಿಗೆಯವರು: ಗೇಟಣ್ಣ, ಅದು ಮೇಡಂ ಅಲ್ಲ. ಅವರ ಮಷಿನ್ ಒಳಗೆ ಏನೋ ಹುಳ ಸೇರ್ಕೊಂಡಿದೆ. ನಿಮ್ಮ ಕಂಪನಿ ಹೆಸರಲ್ಲಿ ಊರಿಗೆಲ್ಲ ಕಸದ ಮೇಲ್ ಕಳಿಸೋಕೆ ನೋಡ್ತಿದೆ.

ಗೇಟಣ್ಣ: ನೀವು ಹೇಳಿದಂಗೆ ಎಲ್ಲಾನೂ ಬಿಟ್ಟಿದ್ರೆ?

ಪೆಟ್ಟಿಗೆಯವರು: ಅರ್ಧ ಗಂಟೇಲಿ ನಿಮ್ಮ ಕಂಪನಿ ಕಳ್ಳರ ಪಟ್ಟಿಗೆ ಸೇರ್ತಿತ್ತು. ಆಮೇಲೆ ನಿಮ್ಮ ಕೊಟೇಷನ್ ಆಸ್ಪತ್ರೆಯವರ ಕಸದ ಬುಟ್ಟಿಗೇ ಹೋಗ್ತಿತ್ತು.

ಗೇಟಣ್ಣ: ಇನ್ಮೇಲೆ ಏಣಿ ಮೇಲಿಂದ ಸಲಹೆ ಕೊಡ್ಬೇಡಿ.

ಪೆಟ್ಟಿಗೆಯವರು: ತಪ್ಪಾಯ್ತು. ಯಾವತ್ತಿಂದ ತಟ್ತಿದೆ ಅದು?

ಗೇಟಣ್ಣ: ಹತ್ತೊಂಬತ್ತನೇ ತಾರೀಖು. ಮಧ್ಯಾಹ್ನ ಒಂದೂ ಕಾಲು.

ಪೆಟ್ಟಿಗೆಯವರು: ಮೇಡಂ, ಅವತ್ತು ನಿಮ್ಮ ಕಂಪ್ಯೂಟರ್‌ಗೆ ಹೊಸದೇನಾದ್ರೂ ಹಾಕಿದ್ರಾ?

ಸೊಸೆ: ಏನೂ ಇಲ್ಲ. ಏನೂ... ಮೀನು.

ಗೇಟಣ್ಣ: ಮೀನಾ?

ಸೊಸೆ: ಪರದೆ ಮೇಲೆ ಮೀನು ಓಡಾಡುತ್ತೆ. ಕೆಲಸ ಇಲ್ದಾಗ. ಕಿತ್ತಳೆ ಬಣ್ಣದ್ದು ನಾಲ್ಕು, ಕಪ್ಪುದೊಂದು. ನೋಡೋಕೆ ಚೆನ್ನಾಗಿದೆ. ಪೆನ್‌ಡ್ರೈವಲ್ಲಿ ಬಂತು.

ಪೆಟ್ಟಿಗೆಯವರು: ಅದೇ. ಮೀನಿನ ಹಿಂದೆ ಹುಳ ಬಂದಿದೆ. ಆ ಮಷಿನ್ನಿನ ತಂತಿ ಕಿತ್ತುಬಿಡಿ, ನಾಳೆ ಬಂದು ನೋಡ್ತೀನಿ.

ಫೋನ್ ಇಟ್ಟ ಮೇಲೆ ಗೇಟಣ್ಣ ನೆಟ್ಟಗೆ ಕೂತರು. ಮೂವತ್ತೊಂದು ವರ್ಷದಲ್ಲಿ ಅವರ ಗೇಟು ದಾಟಿ ಪಾಸಿಲ್ಲದ ಒಂದು ಸ್ಕ್ರೂ ಕೂಡ ಆಚೀಚೆ ಆದದ್ದಿಲ್ಲ ಎಂಬುದು ಅವರ ಹೆಮ್ಮೆ. ನಾವೂ ಅದನ್ನು ಕೇಳಿ ಕೇಳಿ ಬೇಸತ್ತಿದ್ದೆವು.

ಗೇಟಣ್ಣ: ಪೆನ್‌ಡ್ರೈವ್ ಒಳಗೆ ಬರೋಕೆ ಪುಸ್ತಕದಲ್ಲಿ ದಾಖಲೆ ಆಗ್ಬೇಕು. ಆಗಿಲ್ಲ. ಯಾರು ತಂದ್ರು?

ಸೊಸೆ: ಬಿಡಿ ಮಾವ. ಈಗ ಅದೆಲ್ಲ ಯಾಕೆ? ಟೈಮಾಗ್ತಿದೆ.

ಗೇಟಣ್ಣ: ಯಾರು ತಂದ್ರು ಮೇಡಂ?

ಸೊಸೆ: ನಿಮ್ಮ ಮಗ.

ಗೇಟಣ್ಣ: ನನ್ನ ಮಗನಾ?

ಸೊಸೆ: ಅವತ್ತು ನಾನು ಊಟದ ಡಬ್ಬಿ ಮರೆತು ಬಂದಿದ್ದೆ. ತಂದುಕೊಡೋಕೆ ಬಂದ್ರು. ‘ದಿನವಿಡೀ ಬಿಳೀ ಪರದೆ ನೋಡ್ತೀಯಲ್ಲ, ಇದು ಹಾಕ್ಕೋ’ ಅಂತ ಜೇಬಿಂದ ತೆಗೆದು ಕೊಟ್ರು.

ಗೇಟಣ್ಣ: ಜೇಬು ನೋಡದೆ ಅವನನ್ನ ಒಳಗೆ ಬಿಟ್ಟೋನು ಯಾವನು?

ಈ ಗೇಟಿನಲ್ಲಿ ಹಗಲು ಪಾಳಿಗೆ ಇರುವುದು ಒಬ್ಬರೇ. ಗೇಟಣ್ಣ ಹಳೆಯ ದಾಖಲೆ ಪುಸ್ತಕ ತೆಗೆದು, ಹೆಬ್ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು. ನಾನು ಹೆಗಲ ಮೇಲಿಂದ ಇಣುಕಿದೆ. ದುಂಡಗಿನ ಅಕ್ಷರ, ಗೇಟಣ್ಣನದೇ. ‘ಹತ್ತೊಂಬತ್ತು. ೧.೦೫. ನನ್ನ ಮಗ. ಊಟದ ಡಬ್ಬಿ ಒಂದು. ತಪಾಸಣೆ: ಬೇಡ, ಮನೆಯವನು.’ ಕೆಳಗೆ ಸಹಿ.

ಗೇಟಣ್ಣ ಆ ಸಾಲನ್ನು ಮೂರು ಸಲ ಓದಿದರು.

ಗೇಟಣ್ಣ: ಬೇಲೀನೇ ಎದ್ದು ಹೊಲ ಮೇಯ್ತಲ್ಲೋ.

ಸೊಸೆ: ಡಬ್ಬಿ ತರೋ ಮಗನ ಜೇಬು ಯಾರು ನೋಡ್ತಾರೆ ಮಾವ?

ಗೇಟಣ್ಣ: ಗೇಟಿನವನು ನೋಡ್ತಾನೆ. ಗೇಟಿನವನಾಗಿದ್ರೆ.

ನಾನು: ಗೇಟಣ್ಣ, ಮೂರೂ ನಲವತ್ತು.

ನಾನು ಬಾಯಿ ಹಾಕಿದ್ದು ಡ್ರಮ್ಮಿಗಾಗಿ ಅಲ್ಲ. ಅವರು ಹಾಗೆ ಕುಸಿದು ಕೂತದ್ದನ್ನು ನೋಡಲಾಗಲಿಲ್ಲ. ನನ್ನ ಮಾತಿಗೆ ಅವರು ಎಚ್ಚೆತ್ತರು.

ಗೇಟಣ್ಣ: ಹದಿನೇಳರ ತಂತಿ ಕಿತ್ತು ಬನ್ನಿ ಮೇಡಂ. ಅದರಿಂದ ಇನ್ನು ಒಂದು ಸಾಸಿವೆ ಕಾಳೂ ಹೊರಗೆ ಹೋಗಂಗಿಲ್ಲ. ಸ್ಟೋರಣ್ಣ, ನಿಮ್ಮ ಕಂಪ್ಯೂಟರ್ ನಂಬರೆಷ್ಟು?

ನಾನು: ಒಂಬತ್ತು. ಮೀನಿಲ್ಲ.

ಗೇಟಣ್ಣ: ಸ್ಕ್ಯಾನರ್ ಇದೆಯಲ್ಲ? ಆ ಪ್ರಿಂಟನ್ನೇ ಸ್ಕ್ಯಾನ್ ಮಾಡಿ, ನಿಮ್ಮ ಮಷಿನ್ನಿಂದ ಮೇಡಂ ಕಂಪನಿ ಮೇಲ್ ತೆಗೀಲಿ. ಬರ್ಕೊಳ್ತೀನಿ. ಎಲ್ಲಿಂದ: ಒಂಬತ್ತು. ಎಲ್ಲಿಗೆ: ನಮ್ಮ ಮೇಲ್ ಕಂಪನಿಯ ಸರ್ವರ್, ಅದೊಂದೇ. ಬಾಗಿಲು: ಐನೂರ ಎಂಬತ್ತೇಳು. ಅವಧಿ: ನಾಲ್ಕು ಗಂಟೆವರೆಗೆ.

ಸೊಸೆ: ಮೂರಲ್ಲಿ ಅದೇ ಯಾಕೆ?

ಗೇಟಣ್ಣ: ಅದರಲ್ಲಿ ಹೆಸರು ಕೇಳ್ತಾರೆ. ನಮ್ಮ ಮೇಲ್ ಕಂಪನಿಯವರ ಬಾಗಿಲೂ ಅದೇ ಅಂತ ನೋಟ್‌ಬುಕ್ಕಲ್ಲಿದೆ. ಓಡಿ.

ಸೊಸೆ ಓಡಿದಳು. ಅವಳ ಹಿಂದೆ ನಾನೂ ಓಡಿದೆ. ಸ್ಟೋರಿಗೂ ಗೇಟಿಗೂ ನಡುವೆ ಒಂದು ಅಂಗಳ, ಒಂದು ಕಿಟಕಿ ಅಷ್ಟೇ; ಕೂಗಿದರೆ ಕೇಳುತ್ತದೆ. ಸ್ಕ್ಯಾನರು ಬಿಸಿಯಾಗಲು ತನ್ನ ಹೊತ್ತು ತೆಗೆದುಕೊಂಡಿತು. ಕಾಗದ ಒಮ್ಮೆ ಓರೆಯಾಯಿತು. ಪಾಸ್‌ವರ್ಡನ್ನು ಸೊಸೆ ಎರಡು ಸಲ ತಪ್ಪು ಒತ್ತಿದಳು. ಮೂರನೆಯ ಸಲ ಒಳಗೆ ಬಿಟ್ಟಿತು. ಕಳಿಸುವ ಗುಂಡಿ ಒತ್ತಿದಳು. ಪಟ್ಟಿ ಅರ್ಧದವರೆಗೆ ಓಡಿ ಗಕ್ಕನೆ ನಿಂತಿತು.

ಸೊಸೆ: (ಕಿಟಕಿಯಿಂದ) ಮಾವಾ! ನಿಂತ್ಹೋಯ್ತು!

ಗೇಟಣ್ಣ: (ಆಚೆಯಿಂದ) ಅವಧಿ ಮುಗೀತು! ನಾಲ್ಕಾಯ್ತು! ಚಿಲಕ ಹಾಕಿದೆ!

ಸೊಸೆ: ನಾಲ್ಕಾಗಿಲ್ಲ! ಮೂರೂ ಐವತ್ತೈದು! ನಿಮ್ಮ ಗಡಿಯಾರ ಸುಳ್ಳು ಹೇಳುತ್ತೆ!

ಗೇಟಣ್ಣ: ಗೇಟಲ್ಲಿ ಗೇಟಿನ ಗಡಿಯಾರವೇ ಲೆಕ್ಕ!

ಸೊಸೆ: ಮೂವತ್ತೆರಡು ಜನ, ಮಾವಾ!

ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಗೇಟಣ್ಣ ಗಡಿಯಾರದ ಕಡೆ ನೋಡಿದರು. ಪಾಸಿನ ಕಡೆ ನೋಡಿದರು. ಆಮೇಲೆ ಸ್ಟೂಲ್ ಎಳೆದು, ಮಂಡಿ ಹಿಡಿದುಕೊಂಡು ಹತ್ತಿ, ಗೋಡೆಯ ಗಡಿಯಾರದ ಮುಳ್ಳನ್ನು ಒಂದು ಬೆರಳಿನಿಂದ ಐದು ನಿಮಿಷ ಹಿಂದಕ್ಕೆ ತಳ್ಳಿದರು. ಇಳಿದು ಬಂದು ಕಂಪ್ಯೂಟರಿನ ಮುಂದೆ ಕೂತರು. ಇತ್ತ ನಮ್ಮ ಪರದೆಯ ಮೇಲೆ ಪಟ್ಟಿ ಮತ್ತೆ ಓಡಿತು. ‘ಕಳಿಸಲಾಗಿದೆ’ ಎಂದು ಬಂದಾಗ ಮೂರೂ ಐವತ್ತೇಳು.

ಸೊಸೆ ನನ್ನ ಕುರ್ಚಿಯಲ್ಲೇ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೂರೂ ಐವತ್ತೊಂಬತ್ತಕ್ಕೆ ಆಸ್ಪತ್ರೆಯವರ ಉತ್ತರ ಬಂತು: ‘ನಿಮ್ಮ ಕೊಟೇಷನ್ ಅವಧಿಯೊಳಗೆ ತಲುಪಿದೆ.’ ಅದರ ಪ್ರಿಂಟ್ ಹಿಡಿದು ನಾವಿಬ್ಬರೂ ಗೇಟಿಗೆ ಬಂದೆವು.

ಗೇಟಣ್ಣ: ಸಾಮಾನು ವಾಪಸ್ ಬಂತು. ಪಾಸ್ ಚುಕ್ತಾ.

ಸೊಸೆ: ಮೂವತ್ತೊಂದು ವರ್ಷದ ನಿಯಮ ಮುರಿದ್ರಿ ಮಾವ.

ಗೇಟಣ್ಣ: ನಿಯಮ ಮುರೀಲಿಲ್ಲ. ಗಡಿಯಾರ ಕೆಟ್ಟಿತ್ತು, ಸರಿ ಮಾಡಿದೆ. ಇಗೋ, ಇದನ್ನ ಟೈಪ್ ಮಾಡಿ ಯಜಮಾನರಿಗೆ ಮೇಲ್ ಮಾಡಿ.

ಅವರು ಕೊಟ್ಟ ಹಾಳೆಯಲ್ಲಿ, ‘ಹತ್ತೊಂಬತ್ತನೇ ತಾರೀಖು ಗೇಟಿನಲ್ಲಿ ಕರ್ತವ್ಯಲೋಪ ಎಸಗಿದ ಗೇಟಿನವನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಗೇಟಿನವನ ವಿನಂತಿ’ ಎಂದಿತ್ತು.

ಸೊಸೆ: ಕಳಿಸೋಕೆ ಬಾಗಿಲು ಮುಚ್ಚಿದೀರಲ್ಲ.

ಗೇಟಣ್ಣ: ಪಾಸ್ ಬರೆದುಕೊಡಿ, ತೆಗೀತೀನಿ.

ಸೊಸೆ: ಬರೆಯಲ್ಲ. ಇದು ಒಳಗೇ ಇರ್ಲಿ.

ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡಳು. ಗೇಟಣ್ಣ ಬೇಡವೆನ್ನಲಿಲ್ಲ. ಆ ಸಂತೋಷದಲ್ಲಿ ನನ್ನ ಡ್ರಮ್ಮಿನ ಪಾಸಿಗೂ ಸೀಲು ಬಿತ್ತು. ಸೀಲಿಗೆ ಮೊದಲು ಮೂರೂ ಡ್ರಮ್ಮಿನ ಮುಚ್ಚಳ ತೆಗೆಸಿ ಟಾರ್ಚು ಬಿಟ್ಟು ನೋಡಿದರು ಎನ್ನುವುದು ಬೇರೆ ಮಾತು.

ನಾಲ್ಕೂವರೆಗೆ ಚಹಾ ಬಂತು. ಮೂರು ಲೋಟ. ಗೇಟಣ್ಣನ ಲೋಟ ಸಪ್ಪೆ. ಅವರು ಒಂದು ಗುಟುಕು ಕುಡಿದು ಕೆಳಗಿಟ್ಟರು.

ಗೇಟಣ್ಣ: ಮೇಡಂ.

ಸೊಸೆ: ಹೇಳಿ.

ಗೇಟಣ್ಣ: ...ಅಮ್ಮಾ.

ಸೊಸೆ: ಹೇಳಿ ಮಾವ.

ಗೇಟಣ್ಣ: ಇವತ್ತೊಂದಿನ. ಅರ್ಧ ಚಮಚ. ಎದೆ ಹೊಡ್ಕೊಂಡಿದ್ದು ಇನ್ನೂ ನಿಂತಿಲ್ಲ ಕಣಮ್ಮಾ.

ಸೊಸೆ ಅವರ ಮುಖವನ್ನೇ ನೋಡಿದಳು. ಕರಗಿದಳು ಎಂದುಕೊಂಡೆ. ಅವಳು ಕೈ ಚಾಚಿ ಮೇಜಿನ ಮೇಲಿನ ಪಾಸ್ ಪುಸ್ತಕ ಎಳೆದುಕೊಂಡಳು, ಕಾರ್ಬನ್ ನೇರ ಮಾಡಿದಳು, ಪೆನ್ನನ್ನು ಅಂಗೈ ಮೇಲೆ ಗೀಚಿ ನೋಡಿದಳು.

ಸೊಸೆ: ಸಾಮಾನಿನ ವಿವರ?

ಗೇಟಣ್ಣ: ಸಕ್ಕರೆ.

ಸೊಸೆ: ಎಲ್ಲಿಂದ?

ಗೇಟಣ್ಣ: ನಿನ್ನ ಡ್ರಾಯರಿಂದ.

ಸೊಸೆ: ಎಲ್ಲಿಗೆ?

ಗೇಟಣ್ಣ: ಈ ಲೋಟಕ್ಕೆ.

ಸೊಸೆ: ವಾಪಸ್ ಬರೋದಾ, ಬರದೇ ಇರೋದಾ?

ಗೇಟಣ್ಣ ಯೋಚಿಸಿದರು. ಪಾಸ್ ಪುಸ್ತಕದ ಮುಂದೆ ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

ಗೇಟಣ್ಣ: ರಕ್ತದ ರಿಪೋರ್ಟಲ್ಲಿ ವಾಪಸ್ ಬರುತ್ತೆ.

ಸೊಸೆ: ಒಪ್ಪಿಗೆ ಸಹಿ ಯಾರದ್ದು?

ಗೇಟಣ್ಣ: ಡಾಕ್ಟರದ್ದು ಬೇಕು. ಅವರು ಹಾಕಲ್ಲ. ಮನೆಯವನು ಅಂತ ಬಿಡಬಹುದಲ್ಲಮ್ಮಾ?

ಸೊಸೆ: ಮನೆಯವನು ಅಂತ ಬಿಟ್ಟಿದ್ದಕ್ಕೇ ಮಾವ, ಮೀನು ಬಂದಿದ್ದು.

ಗೇಟಣ್ಣ ಪಾಸ್ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅದರ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ ‘ಬಿಡುವಂತಿಲ್ಲ’ ಎಂದು ಬರೆದು, ಸೀಲು ಒತ್ತಿ, ಸಪ್ಪೆ ಚಹಾವನ್ನು ಪೂರ್ತಿ ಕುಡಿದರು. ಆಮೇಲೆ ಮೀಸೆ ಒರೆಸಿಕೊಂಡು ಹೇಳಿದರು.

ಗೇಟಣ್ಣ: ಸಂಜೆ ನಿನ್ನ ಗಂಡ ಮನೆಗೆ ಬಂದಾಗ ಬಾಗಿಲಲ್ಲಿ ನೀನೇ ನಿಂತ್ಕೋ. ನನ್ನ ಕೈಲಿ ಅವನ ಜೇಬು ನೋಡೋಕಾಗಲ್ಲ.